ಅರುಣಾಳ ಹತ್ತನೇ ಇಂಟರ್‌ವ್ಯೂ

ಹಳೇಬೀಡಿನ ಹೊಸ ಹೋಟೆಲಿಗೆ ರಿಸೆಪ್ಷನಿಸ್ಟ್ ಬೇಕೆಂಬ ಪಾಂಪ್ಲೆಟ್ಟು ಬೆಳಗಿನ ಪೇಪರಿನೊಳಗಿಂದ ಬಿದ್ದದ್ದೇ ಎಲ್ಲಕ್ಕೂ ಮೂಲ. ಅರುಣಾ ಆಗಲೇ ಒಂಬತ್ತು ಕಡೆ ಬೇಡವೆನಿಸಿಕೊಂಡಿದ್ದಳು. ಅರಸೀಕೆರೆಯ ಶಾಲೆಯವರು "ಧ್ವನಿ ಸಾಲದು" ಎಂದಿದ್ದರು. ಬೇಲೂರಿನ ಲಾಡ್ಜಿನವರು "ಮುಖದಲ್ಲಿ ನಗು ಇಲ್ಲ" ಎಂದಿದ್ದರು. ಅವಳು ಅಳುತ್ತ ಕೂರಲಿಲ್ಲ. ತೋಟದ ತೆಂಗಿನ ಮರಗಳಿಗೆ ಕೂಗಿ ಕೂಗಿ ಗಂಟಲು ಬಲಿಸಿಕೊಂಡಳು, ಕನ್ನಡಿ ಮುಂದೆ ನಿಂತು ನಗು ಕಲಿತಳು. ಸಂಬಳಕ್ಕಿಂತ ಹೆಚ್ಚಾಗಿ ಅವಳಿಗೆ ಬೇಕಿದ್ದದ್ದು, ಆಡಿದ ಮಾತಿಗೆಲ್ಲ ತಿದ್ದುಪಡಿ ಹೇಳುವ ಅತ್ತೆ ಕಮಲಾಕ್ಷಮ್ಮನವರಿಂದ ಹಗಲು ಹೊತ್ತಾದರೂ ಬಿಡುವು.

ಇಂಟರ್‌ವ್ಯೂ ದಿನ ಅತ್ತೆ, "ತಲೆನೋವು ಕಣೇ, ನೀನು ಹೊರಡು" ಎಂದು ಮುಸುಕೆಳೆದರು. ಬಾಗಿಲಲ್ಲಿ ಪಕ್ಕದ ಮನೆ ಬಸಮ್ಮ ಅಡ್ಡ ಬಂದಳು.

"ಮೊಸರು ಬಾಯಿಗೆ ಹಾಕ್ಕೊಂಡು ಹೋಗು ತಾಯಿ. ಸಿಕ್ಕದಿದ್ರೂ ಬೇಜಾರ್ ಮಾಡ್ಕೋಬೇಡ, ಹತ್ತು ಪೂರ್ತಿ ಆಗ್ತದೆ."

ಮೊಸರು ಬಾಯಿ ತಪ್ಪಿ ಸೀರೆಗೆ ಬಿತ್ತು. ಸೀರೆ ಬದಲಿಸುವಷ್ಟರಲ್ಲಿ ಬಸ್ಸು ಹೋಯಿತು. ಮುಂದಿನ ಬಸ್ಸಿನಲ್ಲಿ ಕೊಬ್ಬರಿ ಚೀಲಗಳ ನಡುವೆ ಒಂಟಿಕಾಲಲ್ಲಿ ನಿಂತು ಅರುಣಾ ನಗು ಅಭ್ಯಾಸ ಮಾಡಿದಳು. ಎದುರಿಗಿದ್ದ ಮುದುಕ ಹೆದರಿ ಸೀಟು ಬಿಟ್ಟುಕೊಟ್ಟ.

ಹೋಟೆಲಿನ ಮಾಲೀಕ ಇಂದುಧರ "ಅನುಭವ ಏನಮ್ಮಾ?" ಎನ್ನುತ್ತಿದ್ದಂತೆಯೇ ಎರಡು ಟೂರಿಸ್ಟ್ ಬಸ್ಸಿನ ಜನ ಕೆರೆಕಟ್ಟೆ ಒಡೆದ ಹಾಗೆ ಒಳನುಗ್ಗಿದರು. ರೂಮು, ಕಾಫಿ, ಬಾತ್‌ರೂಮು ಎಂಬ ಗಲಾಟೆಯಲ್ಲಿ ಇಂದುಧರನ ತುಟಿ ಅಲ್ಲಾಡಿತೇ ಹೊರತು ಮಾತು ಕೇಳಿಸಲಿಲ್ಲ.

ಅರುಣಾ ಎದ್ದಳು. "ಎಲ್ಲಾರೂ ಸಾಲಾಗಿ ನಿಂತ್ಕೊಳ್ಳಿ!"

ಗೋಡೆಯ ಗಡಿಯಾರವೂ ಒಂದು ಕ್ಷಣ ನಿಂತಂತಾಯಿತು. ಆಮೇಲೆ ಅವಳು ನಕ್ಕಳು. ಕಾಲು ಗಂಟೆಯಲ್ಲಿ ಎಲ್ಲರ ಕೈಗೂ ರೂಮಿನ ಕೀ ಸೇರಿತ್ತು.

"ನಾಳೆಯಿಂದಲ್ಲ, ಈಗಿಂದಾನೇ ಸೇರ್ಕೊಳ್ಳಮ್ಮಾ!" ಇಂದುಧರ ಬೆವರೊರೆಸಿಕೊಂಡ.

ಬೇಡವೆಂದ ಒಂಬತ್ತು ಜನಕ್ಕೂ ಫೋನ್ ಮಾಡಿ ಥ್ಯಾಂಕ್ಸ್ ಹೇಳಬೇಕೆನ್ನಿಸಿತು ಅರುಣಾಳಿಗೆ.

"ಅಡುಗೆಗೆ ಅಂತ ಒಬ್ರು ಬಂದಿದಾರೆ," ಎಂದ ಇಂದುಧರ. "ರುಚಿ ನೋಡಿ ಹೇಳು. ನಿನ್ನ ಮಾತೇ ಕೊನೆ."

ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತಿದ್ದವರು ಕಮಲಾಕ್ಷಮ್ಮ!

"ಅತ್ತೆ! ತಲೆನೋವು?"

"ಬಸಮ್ಮನ ಯಜಮಾನ್ರು ಕಾರಲ್ಲಿ ಕರ್ಕೊಂಡ್ಬಂದ್ರು, ಗಾಳಿಗೆ ಹೋಯ್ತು. ಪಾಂಪ್ಲೆಟ್ಟಿನ ಕೆಳಗಡೆ ಅಡುಗೆಯವ್ರೂ ಬೇಕು ಅಂತ ಇತ್ತಲ್ಲ, ನೋಡ್ಲಿಲ್ವಾ? ಒಂಬತ್ತು ಸಲ ಬಿದ್ದರೂ ನೀನು ಎದ್ದೆಯಲ್ಲ, ಅದನ್ನ ನೋಡಿ ನಂಗೂ ಧೈರ್ಯ ಬಂತು ಕಣೇ."

ಅರುಣಾ ಸಾರು ಬಾಯಿಗಿಟ್ಟಳು. 'ಬೇಡ' ಎನ್ನಲು ಸಿದ್ಧವಾಗಿದ್ದ ನಾಲಿಗೆ ಆ ರುಚಿಗೆ ಸೋತುಹೋಯಿತು.

"ಸೇರಿಸ್ಕೊಳ್ಳಿ ಸಾರ್."

ಸಂಜೆಯ ಬಸ್ಸಿನಲ್ಲಿ ಕಮಲಾಕ್ಷಮ್ಮ, "ಇನ್ಮೇಲೆ ದಿನಾ ಜೊತೆಗೇ ಓಡಾಡೋಣ. ಕಿಟಕಿ ಸೀಟು ಮಾತ್ರ ನಂದು" ಎಂದು ಸೆರಗು ಹೊದ್ದರು. ಜಾವಗಲ್ಲು ಬರುವಷ್ಟರಲ್ಲಿ ಸೊಸೆಯ ಭುಜಕ್ಕೆ ತಲೆಯಾನಿಸಿ, ಗೆದ್ದವರ ಹಾಗೆ ಗೊರಕೆ ಹೊಡೆಯುತ್ತಿದ್ದರು.