ಪಾಡ್ಯದ ಕುಬಸವನ್ನು ಅಮಾವಾಸ್ಯೆಗೆ ಎಳೆದೊಯ್ದ ತಮಗೆ

ಆಹ್ವಾನ ಕಳಿಸುವ ಆ್ಯಪಿನ ಒಡಲಲ್ಲಿ ಕುಳಿತು ಊರೂರ ವೇಳೆಯನ್ನು ತಿರುಗಿಸಿ ಕೊಡುವ ಶ್ರೀಮಾನ್ ಕಂಪ್ಯೂಟರ್ ಕೋಡಿನ ಸಾಲಿನವರ ಸನ್ನಿಧಿಗೆ, ಕಮಲಾಪುರದ ನಾಟಕದ ಮಾಸ್ತರ ಗುರುಲಿಂಗಪ್ಪನು ರಂಗದ ಮೇಲೆ ಮೂರು ಹೆಜ್ಜೆ ಮುಂದೆ ಬಂದು, ಕಿರೀಟ ತೆಗೆದು ಮಾಡುವ ನಮಸ್ಕಾರಗಳು.

ಮಾನ್ಯರೇ,

ನನ್ನ ಮಗಳು ಸೌಂದರ್ಯ ಈಗ ಏಳು ತಿಂಗಳ ಬಸುರಿ. ಗುರುವಾರ ಪಾಡ್ಯದ ದಿನ ಹಸಿರು ಬಳೆ ತೊಡಿಸುವ ಕುಬಸವೆಂದು ನಿಶ್ಚಯಿಸಿ, ಗಂಟೆ ಬರೆಯದೆ ಬರೀ ತಾರೀಖನ್ನಷ್ಟೇ ತಮ್ಮ ಕೈಗಿಟ್ಟೆ. ತಾವೋ ಅದನ್ನು ನಡುರಾತ್ರಿ ಹನ್ನೆರಡೆಂದು ತಿಳಿದು, ಜಗತ್ತಿಗೆಲ್ಲ ಒಂದೇ ಎನ್ನುವ ಯಾವುದೋ ಗಡಿಯಾರಕ್ಕೆ ಹೊಂದಿಸಲು ಐದೂವರೆ ತಾಸು ಹಿಂದಕ್ಕೆಳೆದು, ಕಲಬುರಗಿಯ ಬೀಗರ ಫೋನಿನಲ್ಲಿ ಮತ್ತೆ ಮುಂದಕ್ಕೆ ತಳ್ಳುವುದನ್ನು ಮರೆತು, ‘ಬುಧವಾರ ಸಂಜೆ ಆರೂವರೆ’ ಎಂದು ಸಾರಿಬಿಟ್ಟಿರಿ. ಬುಧವಾರ ಅಮಾವಾಸ್ಯೆ, ಮಹಾಸ್ವಾಮಿ.

ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಬೀಗಿತ್ತಿ ಸಾವಿತ್ರಿಬಾಯಿಯವರು ಅಮಾವಾಸ್ಯೆಯ ದಿನ ಹೊಸ ಕಸಬರಿಗೆಯನ್ನೂ ಮನೆಯೊಳಗೆ ತಾರದವರು. ಕೂಡಲೇ ಫೋನು ಬಂತು: “ಅಮಾಸಿ ದಿನ ನಮ್ಮ ಸೊಸಿಗಿ ಕುಬಸಾ ಮಾಡ್ತೀರೇನ್ರಿ ಬೀಗರ? ನಾಟಕದಾಗಿನ ರಾಕ್ಷಸ ಇನ್ನಾ ಮೈಯಾಗಿಂದ ಇಳದಿಲ್ಲೇನು? ನಾವ್ ಬರಂಗಿಲ್ರಿ.” ಇದು ತಮ್ಮ ಕೈವಾಡವೆಂದು ಅರಿಯದ ನಾನು, ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವ ದನಿಯಲ್ಲಿ, “ಬಿಡ್ರಿ, ನೀವಿಲ್ದಿದ್ರ ಕುಬಸಾ ಏನ್ ನಿಲ್ಲಂಗಿಲ್ಲ” ಎಂದು ಘರ್ಜಿಸಿದೆ. ಪಕ್ಕದಲ್ಲಿದ್ದ ಮಗಳು ಹಸಿರು ಬಳೆಯ ಡಬ್ಬಿಯನ್ನು ಮುಚ್ಚಿ ಒಳಗೆ ಹೋದಳು.

ತಮ್ಮ ಸಾಮರ್ಥ್ಯವನ್ನು ಮೆಚ್ಚಲೇಬೇಕು. ನಮ್ಮ ನಾಟಕದಲ್ಲಿ ಸೂರ್ಯನನ್ನು ಮುಳುಗಿಸಲು ಇಬ್ಬರು ಹಗ್ಗ ಎಳೆಯಬೇಕಾಗುತ್ತಿತ್ತು. ತಾವು ಒಬ್ಬರೇ, ಸದ್ದಿಲ್ಲದೆ, ಇಡೀ ಒಂದು ದಿನವನ್ನು ಉರುಳಿಸಿದಿರಿ. ಆದ್ದರಿಂದ ಸಣ್ಣ ವಿನಂತಿ: ಅದೇ ಕೈಯಿಂದ, ನಾನು ಫೋನಿನಲ್ಲಾಡಿದ ಆ ಒಂದು ಮಾತನ್ನೂ ಐದೂವರೆ ತಾಸು ಹಿಂದಕ್ಕೆಳೆದು ನನ್ನ ಬಾಯಿಗೆ ವಾಪಸು ಸೇರಿಸಬೇಕು. ಅದಾಗದಿದ್ದರೆ ಅಮಾವಾಸ್ಯೆಯನ್ನೇ ಮುಂದಿನ ತಿಂಗಳಿಗೆ ದೂಡಬೇಕು.

ಅದೇ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ ಕುಳಿತು ತಮ್ಮನ್ನು ಬರೆದ ತ್ರಿವೇಣಿ ನನ್ನ ತಂಗಿಯ ಮಗಳೇ. “ಬರೀ ತಾರೀಖಿದ್ರ ಅದನ್ನ ತಿರಗಸಬಾರದಿತ್ತು ಮಾಮಾ, ಎಲ್ಲಾ ಊರಾಗೂ ಅದ ತಾರೀಖ ಇರಬೇಕು” ಎಂದು ಒಪ್ಪಿಕೊಂಡು, ತಮ್ಮನ್ನು ತಿದ್ದಿ, ಹೊಸ ಆಹ್ವಾನ ಕಳಿಸಿದ್ದಾಳೆ. ಅದಕ್ಕೆ ಸಾವಿತ್ರಿಬಾಯಿಯವರ ಉತ್ತರ ಬಂದಿದೆ: “ಬೀಗರನ್ನ ಹೊಸ್ತಿಲಿಗಿ ಬಂದು, ಕುಂಕುಮ ಹಚ್ಚಿ ಕರೀತಾರ್ರಿ. ನೀವು ಫೋನಿನ್ಯಾಗ ಕರದೀರಿ, ಅದಕ್ಕ ಅಮಾಸಿ ಬಂತು.” ನಲವತ್ತು ವರ್ಷ ಬಣ್ಣ ಹಚ್ಚಿದ ನಾನು ಕುಂಕುಮದ ಬಟ್ಟಲು ಹುಡುಕಲು ಎದ್ದೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆದ,
ಗುರುಲಿಂಗಪ್ಪ

ತಾ.ಕ.: ನಾಳೆ ಮುಂಜಾನೆ ಹತ್ತಕ್ಕೆ ಹೆಂಡತಿಯೊಡನೆ, ಕುಂಕುಮದ ಬಟ್ಟಲು ಮತ್ತು ನಮ್ಮೂರ ಕೆಂಪು ಬಾಳೆಹಣ್ಣು ಹಿಡಿದು, ಬೀಗರ ಹೊಸ್ತಿಲಲ್ಲಿ ನಿಲ್ಲಲಿದ್ದೇನೆ. ಮಗಳು ಬಳೆಯ ಡಬ್ಬಿಯನ್ನು ಮತ್ತೆ ಹೊರಗಿಟ್ಟಿದ್ದಾಳೆ. ಈ ವೇಳೆಯನ್ನು ತಮಗೆ ತಿಳಿಸಿದ್ದು ಬರೀ ಸೌಜನ್ಯಕ್ಕೆ, ದಯವಿಟ್ಟು ಮುಟ್ಟಬೇಡಿ. ನಸುಕಿನ ನಾಲ್ಕೂವರೆಗೆ ಸಾವಿತ್ರಿಬಾಯಿಯವರ ಬಾಗಿಲು ಬಡಿಯುವ ಧೈರ್ಯ ನಾನು ಮಾಡಿದ ಯಾವ ರಾಕ್ಷಸನಿಗೂ ಇರಲಿಲ್ಲ.