ಬಲೂನು ಕಟ್ಟಿದ ಆಂಪ್ಲಿಫೈಯರ್

ಗೋಂದಿನ ರುಚಿ ಗೆದ್ದಲಿಗೆ ಗೊತ್ತಿಲ್ಲದೇ ಹೋಗಿದ್ದರೆ ಶೇಷಪ್ಪನವರ ಆ ಬುಧವಾರ ಉಳಿದೆಲ್ಲ ಬುಧವಾರಗಳ ಹಾಗೆಯೇ ಕಳೆದುಹೋಗುತ್ತಿತ್ತು.

ಹೊಸನಗರದ ಆ ಖಾಸಗಿ ಜೂನಿಯರ್ ಕಾಲೇಜಿನಲ್ಲಿ ಅವರು ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಪ್ರಯೋಗಾಲಯದ ಬೀರುವಿನ ಕೆಳಗಿನ ಖಾನೆಯಲ್ಲಿ ಒಂದು ಫೈಲಿತ್ತು. ಅದರೊಳಗೆ, ಸಭೆಗಳಲ್ಲಿ ಮೈಕಿನ ದನಿ ದೊಡ್ಡದು ಮಾಡುವ ಕಾಲೇಜಿನ ವಾಲ್ವ್ ಆಂಪ್ಲಿಫೈಯರಿನ ಸರ್ಕ್ಯೂಟ್ ಮತ್ತು ಲೇಔಟ್ ಚಿತ್ರಗಳನ್ನು ಗೋಂದು ಹಚ್ಚಿ ಅಂಟಿಸಿಟ್ಟಿದ್ದರು. ಬೆಳಿಗ್ಗೆ ಒಂಬತ್ತೂವರೆಗೆ ಅಟೆಂಡರ್ ಭೂತಪ್ಪ ಫೈಲು ತೆಗೆದುಕೊಟ್ಟಾಗ ಎರಡೂ ಕಡೆಯ ರಟ್ಟು ಗಟ್ಟಿಯಾಗಿಯೇ ಇತ್ತು. ನಡುವೆ ಇದ್ದದ್ದು ಮಣ್ಣು.

"ಪೂರ್ತಿ ಓದಿ ಮುಗ್ಸಿದಾವೆ ಸಾರ್," ಎಂದ ಭೂತಪ್ಪ.

ಶೇಷಪ್ಪ ಸ್ಟೂಲಿನ ಮೇಲೆ ಕುಳಿತರು. ಸಂಜೆ ನಾಲ್ಕಕ್ಕೆ ತಪಾಸಣೆ ಅಧಿಕಾರಿ ಬರುವವರಿದ್ದರು. ಬರುವ ಮೊದಲೇ ಅವರ ಸುತ್ತೋಲೆ ಬಂದಿತ್ತು: ಸರ್ಕ್ಯೂಟ್ ಮತ್ತು ಲೇಔಟ್ ಚಿತ್ರಗಳಿಲ್ಲದ ಹಳೆಯ ವಿದ್ಯುತ್ ಉಪಕರಣಗಳನ್ನೆಲ್ಲ ಅಂದೇ ಪಟ್ಟಿ ಮಾಡಿ ಗುಜರಿಗೆ ಹಾಕತಕ್ಕದ್ದು.

ಆ ಆಂಪ್ಲಿಫೈಯರ್ ಶೇಷಪ್ಪ ಕೆಲಸಕ್ಕೆ ಸೇರಿದ ವರ್ಷ, ಅಂದರೆ ಅರುವತ್ತೊಂಬತ್ತರಲ್ಲಿ, ತಾವೇ ಕಟ್ಟಿದ್ದು. ಟ್ರಾನ್ಸ್‌ಫಾರ್ಮರಿನ ತಂತಿಯನ್ನು ಒಂದು ಬೇಸಿಗೆ ರಜೆ ಪೂರ್ತಿ ಎಣಿಸೆಣಿಸಿ ಸುತ್ತಿದ್ದರು. ತಗಡಿನ ಪೆಟ್ಟಿಗೆ ಮಾಡಿಸಲು ಮೂರು ಸಲ ತೀರ್ಥಹಳ್ಳಿಗೆ ಹೋಗಿದ್ದರು. ಹತ್ತೊಂಬತ್ತು ವರ್ಷಗಳಲ್ಲಿ ಶೇಷಪ್ಪನವರಿಗೆ ಬಡ್ತಿ ಬಂದಿರಲಿಲ್ಲ, ಆಂಪ್ಲಿಫೈಯರಿಗೆ ಕಾಯಿಲೆ ಬಂದಿರಲಿಲ್ಲ. ಈ ಕಾಲೇಜಿನಲ್ಲಿ ನಾನೂ ಒಂದು ಮಾಡಿದ್ದೇನೆ ಎಂದು ಅವರು ಬೆರಳು ತೋರಿಸಬಹುದಾಗಿದ್ದದ್ದು ಅದೊಂದನ್ನೇ.

ಗಾಬರಿಪಡುವ ಅಗತ್ಯವಿರಲಿಲ್ಲ. ಗೆದ್ದಲು ಕಾಗದ ತಿಂದಿತ್ತೇ ಹೊರತು ಶೇಷಪ್ಪನವರ ತಲೆಯನ್ನಲ್ಲ. ಅವರು ಬಿಳಿ ಹಾಳೆ, ಸ್ಕೇಲು, ಎಚ್‌ಬಿ ಪೆನ್ಸಿಲು ತೆಗೆದುಕೊಂಡು ಕೂತರು. ಗಾಜಿನ ಬಲ್ಬಿನಂಥ ನಾಲ್ಕು ವಾಲ್ವು, ಎರಡು ಟ್ರಾನ್ಸ್‌ಫಾರ್ಮರು, ಇಪ್ಪತ್ತಮೂರು ರೆಸಿಸ್ಟರು. ಮುಕ್ಕಾಲು ಗಂಟೆಯಲ್ಲಿ ಎರಡೂ ಚಿತ್ರ ಮುಗಿದವು. ಮದುವೆಯ ಆಮಂತ್ರಣದಂತೆ ಅಚ್ಚುಕಟ್ಟಾಗಿದ್ದ ಆ ಹಾಳೆಗಳನ್ನು ಹಿಡಿದು ಸಹಿಗಾಗಿ ಪ್ರಿನ್ಸಿಪಾಲರ ಕೋಣೆಗೆ ಹೋದರು.

ಪ್ರಿನ್ಸಿಪಾಲ್ ಮಂಜುನಾಥಪ್ಪ ಹಾಳೆಯನ್ನು ಕನ್ನಡಕದ ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ನೋಡಿದರು.

"ಕೈಯಲ್ಲಿ ಬರ್ದಿದೀರಿ."

"ಹೌದು ಸಾರ್."

"ಅಲ್ಲ ಶೇಷಪ್ಪನೋರೆ, ನಾಲ್ಕು ತಿಂಗಳಾಯ್ತು ಟ್ರಸ್ಟಿನೋರು ಕಂಪ್ಯೂಟರ್ ಕೊಟ್ಟು. ಇಲ್ಲೀವರ್ಗೆ ಅದ್ರಲ್ಲಿ ನಾವು ಮಾಡಿದ್ದು ಎಂತ? ಸ್ಟಾಫಿನ ಹೆಸ್ರು ಪ್ರಿಂಟ್ ತೆಗ್ದಿದ್ದು. ಅದ್ರಲ್ಲೂ ನನ್ನ ಹೆಸ್ರು ತಪ್ಪು. ಸಾಹೇಬ್ರು ಬಂದು ಇದ್ರಿಂದ ಏನು ಉಪ್ಯೋಗ ಅಂತ ಕೇಳಿದ್ರೆ ಪೆನ್ಸಿಲ್ ತೋರ್ಸ್ಲಾ?"

"ಚಿತ್ರ ಸರಿ ಇದ್ಯಲ್ಲ ಸಾರ್."

"ಸರಿ ಇರೋದು ಬೇರೆ, ಕಂಪ್ಯೂಟರಲ್ಲಿ ಇರೋದು ಬೇರೆ. ಪ್ರಿಂಟ್ ತನ್ನಿ, ಸಹಿ ಹಾಕ್ತೀನಿ."

ಶೇಷಪ್ಪ ಹಾಳೆಗಳನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಡಬೇಕಿತ್ತು. ಒಳಗೆ ನೀಲಿ ಪರದೆ, ಫ್ಯಾನು, ಹೊದಿಕೆ ಹೊದ್ದು ಕೂತ ಯಂತ್ರ. ಟೈಪಿಸ್ಟ್ ಸರೋಜ ಅದರ ಸದ್ಯದ ಪೂಜಾರಿಣಿ. ಯಂತ್ರದ ಜೊತೆಗೆ ಎರಡು ಫ್ಲಾಪಿಗಳು ಬಂದಿದ್ದವು. ಒಂದರಲ್ಲಿ ಪತ್ರ ಟೈಪ್ ಮಾಡುವ ಸಾಫ್ಟ್‌ವೇರ್, ಇನ್ನೊಂದರಲ್ಲಿ ಶುಭಾಶಯ ಪತ್ರ ತಯಾರಿಸುವ ಸಾಫ್ಟ್‌ವೇರ್.

"ಸರ್ಕ್ಯೂಟ್ ಬರ್ಯೋಕೆ ಯಾವ್ದು ಆಗ್ತದಮ್ಮ?" ಎಂದು ಶೇಷಪ್ಪ ಕೇಳಿದರು.

"ಎರಡೂ ಆಗಲ್ಲ ಸಾರ್," ಎಂದಳು ಸರೋಜ. "ಆದ್ರೆ ಟೈಪಿಂದು ಸ್ವಲ್ಪ ಕಡಿಮೆ ಆಗಲ್ಲ."

ಅಡ್ಡ ತಂತಿಗೆ ಮೈನಸ್ ಚಿಹ್ನೆ, ಉದ್ದ ತಂತಿಗೆ ಇಂಗ್ಲಿಷಿನ ಐ ಅಕ್ಷರ, ಕೂಡುವಲ್ಲಿ ಪ್ಲಸ್. ಸರೋಜಳ ಬೆರಳುಗಳು ಓಡಿದವು. ಯಾವ ಭಾಗ ಎಲ್ಲಿ ಎಂದು ತೋರಿಸುವ ಲೇಔಟ್ ಚಿತ್ರ ನೆಟ್ಟಗೆ ಬಂತು, ಏಕೆಂದರೆ ಅದರಲ್ಲಿ ಇದ್ದದ್ದೆಲ್ಲ ಚೌಕ. ಸರ್ಕ್ಯೂಟಿನಲ್ಲಿ ಮಾತ್ರ ದುಂಡಗಿನ ವಾಲ್ವ್ ಬರಬೇಕಿತ್ತು. ಸೊನ್ನೆ ಹಾಕಿ ನೋಡಿದರು, ಸಾಸಿವೆ ಕಾಳಿನಷ್ಟಾಯಿತು. ಚುಕ್ಕೆಗಳಲ್ಲಿ ವೃತ್ತ ಜೋಡಿಸಿದರು, ಜೋಡಿಸಿದಷ್ಟೂ ಅದು ಕೊಟ್ಟೆ ಕಡುಬಿನ ಆಕಾರಕ್ಕೆ ತಿರುಗಿತು.

ಅಷ್ಟರಲ್ಲಿ ಗಣಿತದ ಉಪನ್ಯಾಸಕ ಹೂವಯ್ಯ ಒಳಗೆ ಬಂದರು. ಅವರಿಗೆ ಮೂರನೇ ಪೀರಿಯಡ್ ಬಿಡುವು. ಬಿಡುವಿನಲ್ಲಿ ಅವರು ಯಾರಿಗಾದರೂ ಸಹಾಯ ಮಾಡದೆ ಇರುತ್ತಿರಲಿಲ್ಲ.

"ಎಂತ ಮಾರಾಯ್ರೆ, ಅಡಿಕೆ ಕತ್ರಿಯಲ್ಲಿ ಮರ ಕಡಿಯೋಕೆ ಹೊರ್ಟಿದೀರಿ? ಸಾಗರದಲ್ಲಿ ನನ್ನ ಭಾವಮೈದ ಕಂಪ್ಯೂಟರ್ ಕಲ್ಸೋ ಸೆಂಟರ್ ಇಟ್ಟಿದಾನೆ. ಅವ್ನ ಹತ್ರ ಸರ್ಕ್ಯೂಟಿಗೇ ಅಂತ್ಲೇ ಬೇರೆ ಸಾಫ್ಟ್‌ವೇರ್ ಉಂಟು. ಒಂದು ಫೋನ್ ಮಾಡಿದ್ರೆ ಬಸ್ಸಿಗೆ ಕೊಟ್ಟು ಕಳಿಸ್ತಾನೆ."

"ನಾಲ್ಕು ಗಂಟೆಯೊಳಗೆ ಆಗ್ಬೇಕು ಹೂವಯ್ಯನೋರೆ."

"ಹನ್ನೆರಡೂವರೆಗೆ ನಿಮ್ಮ ಕೈಲಿರ್ತದೆ. ಅಲ್ಲೀವರ್ಗೆ ಕೈ ಕಟ್ಟಿ ಕೂತ್ಕೊಳ್ಳಿ."

ಕೈ ಕಟ್ಟಿ ಕೂರುವುದು ಶೇಷಪ್ಪನವರಿಗೆ ಆಗದ ಕೆಲಸ. ಒಂದು ರೆಸಿಸ್ಟರಿನ ಬಗ್ಗೆ ಅನುಮಾನ ಬಂದು, ಆಂಪ್ಲಿಫೈಯರನ್ನೇ ಭೂತಪ್ಪನ ಕೈಯಲ್ಲಿ ಕಂಪ್ಯೂಟರ್ ಕೋಣೆಗೆ ಹೊರಿಸಿ ತಂದರು. ವೋಲ್ಟೇಜು ಅಳೆಯಲು ಅಲ್ಲಿದ್ದ ಒಂದೇ ಒಂದು ಪ್ಲಗ್ ಬೋರ್ಡಿಗೆ ಅದನ್ನೂ ಸಿಕ್ಕಿಸಿದರು. ಕಂಪ್ಯೂಟರು, ಪ್ರಿಂಟರು, ಫ್ಯಾನು, ಆಂಪ್ಲಿಫೈಯರು ನಾಲ್ಕೂ ಸೇರಿ ಒಂದೇ ಹಾಲುಗಲ್ಲದ ಫ್ಯೂಸಿನ ಮೇಲೆ ಬಿದ್ದವು. ಟಪ್ ಎಂದಿತು. ಬೆಳಗಿನಿಂದ ಸರೋಜ ಜೋಡಿಸಿದ ಮೈನಸ್ಸು, ಪ್ಲಸ್ಸುಗಳೆಲ್ಲ ಕತ್ತಲೆಗೆ ಹೋದವು.

"ಸೇವ್ ಮಾಡಿದ್ಯಾ ಅಮ್ಮ?"

"ಮಾಡೋಣ ಅಂತಿದ್ದೆ ಸಾರ್."

ಭೂತಪ್ಪ ಫ್ಯೂಸು ಕಟ್ಟಿ ಮುಗಿಸುವ ಹೊತ್ತಿಗೆ ಕರೆಂಟೇ ಹೋಯಿತು. ಅಣೆಕಟ್ಟು ಕಟ್ಟಿ ಅರ್ಧ ತಾಲ್ಲೂಕು ಮುಳುಗಿಸಿ ಮಾಡಿದ ಕರೆಂಟು, ದೂರದ ಊರುಗಳಿಗೆಲ್ಲ ದಾರಿ ತಪ್ಪದೆ ಹೋಗುತ್ತಿದ್ದದ್ದು, ಹೊಸನಗರಕ್ಕೆ ಬರುವಾಗ ಮಾತ್ರ ದಾರಿ ಮರೆಯುತ್ತಿತ್ತು.

ಒಂದು ಗಂಟೆಗೆ ಕರೆಂಟೂ ಬಂತು, ಬಸ್ಸೂ ಬಂದಿತ್ತು. ಹೂವಯ್ಯ ಬಸ್ ಸ್ಟ್ಯಾಂಡಿನಿಂದ ಫ್ಲಾಪಿಯ ಲಕೋಟೆಯನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು ತಂದರು. ಯಂತ್ರಕ್ಕೆ ಹಾಕಿದರೆ ಅದು ಗೊರಗೊರ ಎಂದು ಸುಮ್ಮನಾಯಿತು. ಮತ್ತೆ ಹಾಕಿದರು, ಮತ್ತೆ ಗೊರಗೊರ. ಮುಕ್ಕಾಲು ಗಂಟೆ ಹೂವಯ್ಯ ಅದನ್ನು ತಿರುಗಿಸಿ, ಮುರುಗಿಸಿ, ಪಂಚೆಯಂಚಿನಿಂದ ಒರೆಸಿ ಪ್ರಯತ್ನಿಸಿದರು. ಕೊನೆಗೆ ಶೇಷಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕಪ್ಪು ಮೈಮೇಲೆ ಅಕ್ಷರಗಳು ಒತ್ತಿ ಮೂಡಿದ್ದವು. ಬಟ್ಟೆಮಲ್ಲಪ್ಪ ಸ್ಟಾಪು, ಏಳು ಫುಲ್ಲು, ಎರಡು ಹಾಫು. ಕಂಡಕ್ಟರು ದಾರಿಯುದ್ದಕ್ಕೂ ಅದನ್ನು ಅಡಿಗಿಟ್ಟುಕೊಂಡು ಟ್ರಿಪ್ ಶೀಟು ಬರೆದಿದ್ದ.

"ಗಟ್ಟಿ ಇದೆ, ರಟ್ಟು ಅಂದ್ಕೊಂಡಿರ್ಬೇಕು ಪಾಪ," ಎಂದರು ಹೂವಯ್ಯ.

ಸರೋಜ ಲಕೋಟೆಯೊಳಗೆ ಉಳಿದಿದ್ದ ಚೀಟಿಯನ್ನು ತೆಗೆದು ಓದಿದಳು: "ಭಾವನವರಿಗೆ ನಮಸ್ಕಾರ. ಇದರಲ್ಲಿ ಟ್ರಾನ್ಸಿಸ್ಟರಿನ ಚಿತ್ರ ಮಾತ್ರ ಇದೆ. ವಾಲ್ವ್ ಇಲ್ಲ. ವಾಲ್ವ್ ಈಗ ಯಾರು ಉಪಯೋಗಿಸುತ್ತಾರೆ?"

ಯಾರೂ ಶೇಷಪ್ಪನವರ ಮುಖ ನೋಡಲಿಲ್ಲ. ಗಂಟೆ ಎರಡಾಗಿತ್ತು. ಅವರು ಊಟದ ಡಬ್ಬಿಯನ್ನು ಇನ್ನೂ ತೆರೆದಿರಲಿಲ್ಲ.

"ಸಾರ್," ಎಂದಳು ಸರೋಜ, "ಶುಭಾಶಯದ ಫ್ಲಾಪಿಯಲ್ಲಿ ಬಲೂನ್ ಇದೆ."

"ಬಲೂನು."

"ದುಂಡಗಿದೆ ಸಾರ್. ಕೆಳಗೆ ದಾರಾನೂ ಇದೆ. ತಂತಿ ತರ ಕಾಣ್ತದೆ."

ಶೇಷಪ್ಪ ಪರದೆಯ ಮೇಲಿನ ಬಲೂನನ್ನು ಬಹಳ ಹೊತ್ತು ನೋಡಿದರು. ಆ ಶುಭಾಶಯದ ಸಾಫ್ಟ್‌ವೇರಿಗೆ ಬಲೂನು ಬರುತ್ತಿತ್ತು, ಗೆರೆ ಬರುತ್ತಿರಲಿಲ್ಲ. ಟೈಪಿನ ಸಾಫ್ಟ್‌ವೇರಿಗೆ ಗೆರೆ ಬರುತ್ತಿತ್ತು, ಬಲೂನು ಬರುತ್ತಿರಲಿಲ್ಲ. ಯಾವುದನ್ನು ಆರಿಸಿಕೊಳ್ಳುವುದು ಎಂಬ ಬೆಳಗಿನ ಪ್ರಶ್ನೆಗೆ ಎರಡೂ ಬೇಡ ಎಂಬುದೊಂದೇ ಯೋಗ್ಯ ಉತ್ತರವಾಗಿತ್ತು. ಅವರು ಎರಡನ್ನೂ ಆರಿಸಿಕೊಂಡರು. ಸರೋಜ ಮತ್ತೆ ಲೇಔಟನ್ನೂ ತಂತಿಗಳನ್ನೂ ಟೈಪ್ ಮಾಡಿ, ಈ ಸಲ ಸೇವ್ ಮಾಡಿ, ಪ್ರಿಂಟ್ ತೆಗೆದಳು. ಸರ್ಕ್ಯೂಟಿನ ಹಾಳೆಯನ್ನು ಮತ್ತೊಮ್ಮೆ ಪ್ರಿಂಟರಿಗೆ ತುರುಕಿ, ಇನ್ನೊಂದು ಫ್ಲಾಪಿಯಿಂದ ನಾಲ್ಕು ಬಲೂನು ಹೊಡೆಸಿದರು.

ಮೊದಲ ಸಲ ಬಲೂನುಗಳು ಟ್ರಾನ್ಸ್‌ಫಾರ್ಮರಿನ ಮೇಲೆ ಬಿದ್ದವು. ಎರಡನೆಯ ಸಲ ಹಾಳೆ ಓರೆಯಾಗಿ, ಇಡೀ ಸರ್ಕ್ಯೂಟು ಗಾಳಿಗೆ ವಾಲಿತು. ಐದನೆಯ ಸಲ ಎಲ್ಲವೂ ಹತ್ತಿರಹತ್ತಿರ ಬಂದವು. ವಾಲ್ವುಗಳು ತಮ್ಮ ತಂತಿಗಳಿಂದ ಅರ್ಧ ಇಂಚು ಮೇಲೆ ತೇಲುತ್ತಿದ್ದವು, ಅಷ್ಟೇ. ಹಾಳೆಯ ಕೆಳತುದಿಯಲ್ಲಿ ಹ್ಯಾಪಿ ಬರ್ತ್‌ಡೇ ಎಂದು ಬಿತ್ತು. ಅದನ್ನು ತೆಗೆಯುವ ಉಪಾಯ ಆ ಸಾಫ್ಟ್‌ವೇರಿನಲ್ಲಿ ಇರಲಿಲ್ಲ. ಸರೋಜ ಅದರ ಮೇಲೆ ಕಾಲೇಜಿನ ಸೀಲನ್ನು ಮೂರು ಸಲ ಗುದ್ದಿದಳು.

ಮಂಜುನಾಥಪ್ಪ ಮೂರೂ ಮುಕ್ಕಾಲಿಗೆ ಸಹಿ ಹಾಕಿದರು. "ನೋಡಿ, ಎಷ್ಟು ಕಳೆ ಬಂತು," ಎಂದರು.

ಅಧಿಕಾರಿ ಹೇಳಿದ ಹೊತ್ತಿಗೇ ಬಂದರು. ಸಣ್ಣ ಮೈಕಟ್ಟಿನ, ಸಣ್ಣ ದನಿಯ ಮನುಷ್ಯ. ಸಣ್ಣ ತಪ್ಪುಗಳನ್ನು ಹುಡುಕುವುದರಲ್ಲಿ ಹೆಸರುವಾಸಿ. ಸ್ಟಾಕ್ ಪುಸ್ತಕದ ಜೊತೆಗಿದ್ದ ಹಾಳೆಯನ್ನು ಕೈಗೆತ್ತಿಕೊಂಡಾಗ ಶೇಷಪ್ಪ ನೆಲ ನೋಡುತ್ತಾ ನಿಂತರು.

"ಇದು ಕಂಪ್ಯೂಟರಿನಲ್ಲಿ ಮಾಡಿದ್ದಾ?"

"ಹೌದು ಸಾರ್. ಇವ್ರೇ ಮಾಡಿದ್ದು," ಎಂದು ಮಂಜುನಾಥಪ್ಪ ಶೇಷಪ್ಪನವರನ್ನು ಮುಂದಕ್ಕೆ ತಳ್ಳಿದರು.

"ಫ್ಲಾಪಿಯಲ್ಲಿ ಇದ್ಯಾ?"

"ಇದೆ ಸಾರ್," ಎಂದರು ಶೇಷಪ್ಪ. ಒಂದು ಫ್ಲಾಪಿಯಲ್ಲಿ ವಾಲ್ವಿಲ್ಲದ ತಂತಿ, ಇನ್ನೊಂದರಲ್ಲಿ ತಂತಿಯಿಲ್ಲದ ಬಲೂನು ಎಂದು ವಿವರಿಸುವ ಧೈರ್ಯವಾಗಲೀ ಶಕ್ತಿಯಾಗಲೀ ಅವರಲ್ಲಿ ಉಳಿದಿರಲಿಲ್ಲ.

ಅಧಿಕಾರಿಯ ಕಣ್ಣಲ್ಲಿ ನೀರಾಡಿತು. ಮೂರು ತಾಲ್ಲೂಕು ಸುತ್ತಿದರೂ ಇಂಥದ್ದೊಂದನ್ನು ಕಂಡಿರಲಿಲ್ಲವಂತೆ. ಹುಡುಗರಿಗೆ ನಾಲ್ಕು ಮಾತು ಹೇಳಲೇಬೇಕೆಂದರು. ಎಲ್ಲರನ್ನೂ ಹಾಲ್‌ನಲ್ಲಿ ಸೇರಿಸಿದರು. ಭೂತಪ್ಪ ಆಂಪ್ಲಿಫೈಯರನ್ನು ವೇದಿಕೆಯ ಮೇಲೆ ತಂದಿಟ್ಟ. ಶೇಷಪ್ಪ ಮೈಕು ಸಿಕ್ಕಿಸಿ ಸ್ವಿಚ್ ಹಾಕಿದರು. ಅರ್ಧ ನಿಮಿಷದಲ್ಲಿ ನಾಲ್ಕು ವಾಲ್ವುಗಳೂ ಕೆಂಡದ ಬಣ್ಣಕ್ಕೆ ತಿರುಗಿದವು.

ಅಧಿಕಾರಿಯ ಸಣ್ಣ ದನಿ ಹಿಂದಿನ ಬೆಂಚಿನವರೆಗೂ ಗಂಟೆ ಹೊಡೆದ ಹಾಗೆ ಕೇಳಿಸಿತು. ಒಂದು ಕರಕರ ಸದ್ದಿಲ್ಲ, ಒಂದು ಕಿರುಚಾಟವಿಲ್ಲ.

"ಶೇಷಪ್ಪನವರು ನಮಗೆಲ್ಲ ದಾರಿ ತೋರಿಸಿದ್ದಾರೆ," ಎಂದಿತು ಆ ದನಿ. "ಈ ಹಳೆಯ ಉಪಕರಣದ ಪೂರ್ತಿ ವಿವರ ಈಗ ಫ್ಲಾಪಿಯಲ್ಲಿ ಭದ್ರವಾಗಿದೆ. ಭದ್ರವಾಗಿರುವುದರಿಂದ ಉಪಕರಣವನ್ನೂ ಇಟ್ಟುಕೊಂಡು ಜಾಗ ಹಾಳು ಮಾಡುವ ಅಗತ್ಯವಿಲ್ಲ. ಅದನ್ನು ಇವತ್ತೇ ಗುಜರಿ ಪಟ್ಟಿಗೆ ಸೇರಿಸಿದ್ದೇನೆ. ನಾಳೆಯಿಂದ ಶೇಷಪ್ಪನವರು ಪ್ರಯೋಗಾಲಯದ ಒಂದೊಂದೇ ಸಾಮಾನನ್ನು ಹೀಗೇ ಫ್ಲಾಪಿಗೆ ಹಾಕುತ್ತಾ ಬರಲಿ."

ಚಪ್ಪಾಳೆ ಬಿತ್ತು. ಹೂವಯ್ಯ ಪಕ್ಕಕ್ಕೆ ವಾಲಿ ಪಿಸುಗುಟ್ಟಿದರು: "ಸೌಂಡು ಎಷ್ಟು ಕ್ಲಿಯರ್ ಬಂತು ಮಾರಾಯ್ರೆ. ಒಂದು ಅಕ್ಷರ ತಪ್ಪಲಿಲ್ಲ ನೋಡಿ."

"ಹೌದು," ಎಂದರು ಶೇಷಪ್ಪ. "ಎಲ್ಲ ಕೇಳಿಸ್ತು."

ಅಧಿಕಾರಿಯ ಜೀಪು ಹೋದ ಮೇಲೆ ಭೂತಪ್ಪ ಗುಜರಿ ಸಾಮಾನಿನ ಕೋಣೆಯ ಬೀಗದ ಕೈ ತಂದ. ಪೆಟ್ಟಿಗೆ ಎತ್ತಲು ಕೈ ಹಾಕಿದವನು ಹಿಂದಕ್ಕೆಳೆದುಕೊಂಡ.

"ಸಾರ್, ಇದು ಇನ್ನೂ ಬಿಸಿ ಇದೆ."

ಶೇಷಪ್ಪ ವೇದಿಕೆಯ ಮೆಟ್ಟಿಲ ಮೇಲೆ, ಅದರ ಪಕ್ಕದಲ್ಲಿ ಕುಳಿತು ಊಟದ ಡಬ್ಬಿಯ ಮುಚ್ಚಳ ತೆಗೆದರು.

"ತಣೀಲಿ ಬಿಡು," ಎಂದರು. "ಎಂತ ಅವಸರ ಇಲ್ಲ."