ನೋಟೀಸ್ ಬೋರ್ಡಿನ ಮಾಮ

ನಮ್ಮ ಕಾಲೇಜಿಗೆ ನಾಲ್ಕು ವರ್ಷ ಒಂದು ದಿನವೂ ತಪ್ಪದೆ ಹಾಜರಾದವರು ಒಬ್ಬರೇ ಒಬ್ಬರು. ಅವರು ವಿದ್ಯಾರ್ಥಿಯಲ್ಲ. ಮೇಷ್ಟರೂ ಅಲ್ಲ. ಜವಾನನಂತೂ ಅಲ್ಲವೇ ಅಲ್ಲ, ಅವನು ವಾರಕ್ಕೆರಡು ದಿನ ಹಲ್ಲುನೋವೆಂದು ಮನೆಯಲ್ಲೇ ಮಲಗುತ್ತಿದ್ದ. ಹಾಗಾದರೆ ಯಾರು? ನನ್ನ ಸೋದರಮಾವ! ಪ್ರಿನ್ಸಿಪಾಲರಿಗೇ ರಜೆ ಇದ್ದ ದಿನವೂ ನಮ್ಮ ಮಾಮನಿಗೆ ರಜೆ ಇರಲಿಲ್ಲ.

ಇದು ಅರವತ್ತನೇ ಇಸವಿಯ ಆಸುಪಾಸಿನ ಮಾತು. ನಮ್ಮದು ಕ್ಯಾಸಂಬಳ್ಳಿ ಪಕ್ಕದ ಹಳ್ಳಿ. ಅಪ್ಪ ರಾಗಿ ಬೆಳೆಯುತ್ತಿದ್ದರು. ಕೆ.ಜಿ.ಎಫ್.ನಲ್ಲಿ ಹೊಸದಾಗಿ ಕಾಲೇಜು ಬಂದಿದೆ, ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ ಎಂಬ ಸುದ್ದಿಯನ್ನು ಹೊತ್ತು ತಂದವರೇ ಮಾಮ. ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಯವರು ಕೊಟ್ಟಿದ್ದ ಲೈನ್ ಮನೆಯಲ್ಲಿ ಮಾಮ, ಅತ್ತೆ ಇಬ್ಬರೇ ಇದ್ದರು. ನಾನು ಅಲ್ಲಿದ್ದುಕೊಂಡು ಓದುವುದೆಂದಾಯಿತು. ಅಪ್ಪ ಒಪ್ಪಿದರು, ಆದರೆ ಒಂದು ಗೆರೆ ಎಳೆದೇ ಒಪ್ಪಿದರು.

"ಪಿ.ಯು.ಸಿ. ಒಂದು ವರ್ಸ ಓದ್ಲಿ. ಆಮ್ಯಾಕೆ ನನ್ ಕೈಲಾಗಲ್ಲ. ಸರ್ಕಾರದೋರು ಓದ್ಸಿದ್ರೆ ಓದ್ಲಿ, ಇಲ್ಲಾಂದ್ರೆ ಬಂಗಾರಪೇಟೆಯೋರ್ಗೆ ಊ ಅಂದ್ಬಿಡ್ತೀನಿ."

ಬಂಗಾರಪೇಟೆಯವರೆಂದರೆ ಸ್ಟೇಷನ್ ಹತ್ತಿರ ಅಂಗಡಿಯಿಟ್ಟಿದ್ದ ಒಂದು ಮನೆಯವರು. ಆಗಲೇ ಒಮ್ಮೆ ಬಂದು ನನ್ನನ್ನು ನೋಡಿಕೊಂಡು, ಉಪ್ಪಿಟ್ಟು ತಿಂದು, ಇನ್ನೊಂದು ಸಲ ಹಾಕಿಸಿಕೊಂಡು ಹೋಗಿದ್ದರು. ಎರಡನೇ ಸಲ ಹಾಕಿಸಿಕೊಂಡರೆಂದರೆ ಹುಡುಗಿ ಒಪ್ಪಿಗೆಯಾಗಿದ್ದಾಳೆ ಎಂದೇ ಅರ್ಥ ಅಲ್ಲವೆ? ಆಗಿನ ಪಿ.ಯು.ಸಿ. ಒಂದೇ ವರ್ಷದ್ದು, ಹಾಗಾಗಿ ನನ್ನ ವಿದ್ಯಾಭ್ಯಾಸಕ್ಕೆ ಇದ್ದ ಆಯುಸ್ಸೂ ಅಷ್ಟೇ. ಇದು ನನಗೂ ಗೊತ್ತಿತ್ತು, ಮಾಮನಿಗೂ ಗೊತ್ತಿತ್ತು.

ಮಾಮನ ಕೆಲಸ ಚಿನ್ನದ ಗಣಿಯ ಒಳಗೆ. ಸುರಂಗದ ಚಾವಣಿ ಕುಸಿಯದಂತೆ ಮರದ ದಿಮ್ಮಿಗಳನ್ನು ಅಳೆದು, ಕೊಯ್ದು, ಕೂರಿಸುವುದು. ಅದಕ್ಕೇ ಅವರ ಕಿವಿಯ ಮೇಲೆ ಬಡಗಿಗಳ ಒಂದು ದಪ್ಪ ಚಪ್ಪಟೆ ಪೆನ್ಸಿಲ್ಲು ಸದಾ ಕೂತಿರುತ್ತಿತ್ತು. ಧಾರೆಯ ಹೊತ್ತಿನಲ್ಲೂ ಅದು ಕೆಳಗಿಳಿಯಲಿಲ್ಲ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಬೆಳಗಿನ ಪಾಳಿ ಮುಗಿದು ಸಂಗು, ಅಂದರೆ ಗಣಿಯ ಸೈರನ್ನು, ಕೂಗಿತೆಂದರೆ ಬೇರೆಯವರು ಮನೆಗೆ ಹೋಗುತ್ತಿದ್ದರು, ಕೆಲವರು ಸಾರಾಯಿ ಅಂಗಡಿಗೆ ಹೋಗುತ್ತಿದ್ದರು. ಮಾಮ ನೆಟ್ಟಗೆ ನಮ್ಮ ಕಾಲೇಜಿಗೆ ಬಂದು ನೋಟೀಸ್ ಬೋರ್ಡಿನ ಮುಂದೆ ನಿಲ್ಲುತ್ತಿದ್ದರು.

ನೋಟೀಸುಗಳೆಲ್ಲ ಇಂಗ್ಲಿಷಿನಲ್ಲಿ. ಮಾಮ ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದಬಲ್ಲರು, ತೆಲುಗು ತಮಿಳುಗಳಲ್ಲಿ ಜಗಳವನ್ನೂ ಆಡಬಲ್ಲರು. ಇಂಗ್ಲಿಷಿನ ಒಂದಕ್ಷರವೂ ಬಾರದು. ಹಾಗಾದರೆ ಬೋರ್ಡಿನ ಮುಂದೆ ನಿಂತು ಏನು ಮಾಡುತ್ತಿದ್ದರು? ಹಳೇ ಕ್ಯಾಲೆಂಡರಿನ ಹಾಳೆ ತೆಗೆದು, ಅದರ ಬೆನ್ನಿನ ಮೇಲೆ ನೋಟೀಸಿನ ಚಿತ್ರ ಬರೆಯುತ್ತಿದ್ದರು! ಒಂದೊಂದು ಅಕ್ಷರವನ್ನೂ ದಿಮ್ಮಿ ಅಳೆದಂತೆ ಅಳೆದು, ಕಣ್ಣು ಕಿರಿದು ಮಾಡಿ, ಇದ್ದದ್ದು ಇದ್ದ ಹಾಗೆ. ನಾಲ್ಕು ಮೂಲೆಯ ಗುಂಡುಪಿನ್ನು, ಟೈಪು ಮಾಡುವಾಗ ಒಂದರ ಮೇಲೊಂದು ಬಿದ್ದ ಅಕ್ಷರ, ಜವಾನನ ಹೆಬ್ಬೆಟ್ಟಿನ ಎಣ್ಣೆ ಕಲೆ, ಯಾವುದನ್ನೂ ಬಿಡುತ್ತಿರಲಿಲ್ಲ. ಮನೆಗೆ ತಂದು ನನ್ನ ಕೈಗೆ ಕೊಟ್ಟು, "ಏನ್ ಬರ್ದೌರೆ ಓದು" ಎಂದು ಎದುರಿಗೆ ಕೂರುತ್ತಿದ್ದರು.

ಒಂದು ದಿನ ಹಾಳೆಯ ನಡುವೆ ದುಂಡಗೆ ಏನೋ ಇತ್ತು. ಸುತ್ತ ಸಣ್ಣ ಸಣ್ಣ ಗೆರೆಗಳು.

"ಇದೇನ್ ಮಾಮ?"

"ಅದು ನೊಣ ಕಣಮ್ಮಣ್ಣಿ. ಕುಂತಿತ್ತು. ನಾನ್ ಬರ್ದು ಮುಗ್ಸೋಗಂಟ ಎದ್ದೋಗ್ಲೇ ಇಲ್ಲ."

"ನೊಣನ್ಯಾಕೆ ಬರ್ಕೊಂಡ್ ಬಂದೆ?"

"ನೋಟೀಸ್ನಾಗೆ ಯಾವ್ದು ಬೇಕು, ಯಾವ್ದು ಬ್ಯಾಡ ಅಂತ ನಂಗೇನ್ ಗೊತ್ತು? ಇರೋದೆಲ್ಲ ತಂದಿವ್ನಿ. ನೀನ್ ಆರಿಸ್ಕೋ."

ಇದಕ್ಕೆ ನೀವಾದರೂ ಏನು ಹೇಳುತ್ತೀರಿ?

ನೋಟೀಸೆಂದರೆ ಮಾಮನಿಗೆ ಆಜ್ಞೆ. ಒಮ್ಮೆ ಇಂಗ್ಲಿಷ್ ಮೇಷ್ಟರ ಕೊಡೆ ಕಳೆದುಹೋಗಿತ್ತು. ಸಿಕ್ಕಿದವರು ಆಫೀಸಿಗೆ ತಲುಪಿಸಬೇಕೆಂದು ನೋಟೀಸು ಹಾಕಿದ್ದರು. ನಾನು ಓದಿ ಹೇಳಿ ಮರೆತೆ. ಮಾಮ ಮರೆಯಲಿಲ್ಲ! ಮೂರು ದಿನ ಹುಡುಕಿದರು. ಬಂಗಾರಪೇಟೆಯ ರೈಲು ಹತ್ತಿ, ಪ್ರತಿ ಬೋಗಿಯಲ್ಲೂ ಬಗ್ಗಿ, ಜನರ ಕಾಲು ಸರಿಸಿ ಸೀಟಿನ ಕೆಳಗೆಲ್ಲ ನೋಡಿದರು. ನಾಲ್ಕನೆಯ ದಿನ ಉರಿಗಾಂ ಸ್ಟೇಷನ್ನಿನಿಂದ ಮೂರು ಕೊಡೆ ಹಿಡಿದುಕೊಂಡು ಕಾಲೇಜಿಗೆ ಬಂದರು. ಮೂರೇಕೆ ಎಂದರೆ, "ಮೇಷ್ಟ್ರುದು ಯಾವ್ದು ಅಂತ ನೋಟೀಸ್ನಾಗೆ ಬರ್ದಿರ್ನಿಲ್ಲ." ಅದರಲ್ಲಿ ಒಂದು ನಿಜವಾಗಿಯೂ ಮೇಷ್ಟರದೇ! ಅವರು ಮಾಮನ ಕೈ ಕುಲುಕಿದರು. ಮರುದಿನ ಉರಿಗಾಂ ಸ್ಟೇಷನ್ನಿನಲ್ಲಿ ಎರಡು ಕೊಡೆ ಕಾಣೆಯಾಗಿವೆ ಎಂದು ನೋಟೀಸು ಹಾಕಿದ್ದರಂತೆ. ಮಾಮ ಅದನ್ನೂ ಬರೆದುಕೊಂಡು ಬಂದರು.

ಪ್ರಿನ್ಸಿಪಾಲರ ಸಹಿಯದು ಇನ್ನೊಂದು ಕಥೆ. ನನ್ನ ಪುಸ್ತಕದೊಳಗಿಂದ ಮಾಮನ ಹಾಳೆಯೊಂದು ಜಾರಿ ವರಾಂಡದಲ್ಲಿ ಬಿದ್ದಿತ್ತು. ಅದು ಬೇರೆ ಯಾರಿಗೂ ಸಿಗದೆ ಪ್ರಿನ್ಸಿಪಾಲರಿಗೇ ಸಿಗಬೇಕೆ? ಕ್ಯಾಲೆಂಡರಿನ ಬೆನ್ನಿನ ಮೇಲೆ ತಮ್ಮದೇ ಸಹಿ! ಅವರು ಬೆವತುಬಿಟ್ಟರು. ಜವಾನನನ್ನು ವಿಚಾರಿಸಿ ನನ್ನನ್ನು ಕರೆಸಿದರು, ನಾನು ಅಳುತ್ತಾ ಮಾಮನ ಹೆಸರು ಹೇಳಿದೆ. ಪಾಳಿ ಮುಗಿಸಿ ಬೋರ್ಡಿನ ಮುಂದೆ ನಿಂತಿದ್ದ ಮಾಮನನ್ನೂ ಒಳಗೆ ಕರೆದರು. ಮಾಮ ಒಂದಿಷ್ಟೂ ಹೆದರದೆ ಕಿವಿಯ ಪೆನ್ಸಿಲ್ಲು ತೆಗೆದು, ಮೇಜಿನ ಮೇಲಿದ್ದ ಕಾಗದದಲ್ಲಿ ಅದೇ ಸಹಿಯನ್ನು ಇನ್ನೊಮ್ಮೆ ಬರೆದು ತೋರಿಸಿದರು. ಪ್ರಿನ್ಸಿಪಾಲರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

"ನನ್ನ ಸಹಿಯನ್ನ ನನಗಿಂತ ಚೆನ್ನಾಗಿ ಹಾಕ್ತೀರಲ್ರೀ!"

"ನೀವು ಬಿರ್‌ಬಿರ್ನೆ ಎಳ್ದ್‌ಬಿಡ್ತೀರ ಸೋಮಿ. ಆ ಕೊನೇ ಗೆರೆ ಐತಲ್ಲ, ಅದ್ನ ಒಸಿ ನಿದಾನಕ್ಕೆ ಎಳೀಬೇಕು."

ಇನ್ನು ಮೇಲೆ ಸಹಿಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಬರೆದುಕೊಳ್ಳಬಹುದು ಎಂದು ಅಪ್ಪಣೆಯಾಯಿತು. ಮಾಮ ಅಂದಿನಿಂದ ಆ ಜಾಗವನ್ನು ಖಾಲಿ ಬಿಟ್ಟು, 'ಇಲ್ಲಿ ಸೈನು ಐತೆ' ಎಂದು ಕನ್ನಡದಲ್ಲಿ ಬರೆಯತೊಡಗಿದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ನೆಮ್ಮದಿಯಾಗಿರುತ್ತಿದ್ದೆ. ನಾನು ಓದಿ ಹೇಳಿದ್ದರಲ್ಲಿ 'ಇಷ್ಟವಿದ್ದವರು ಹೆಸರು ಕೊಡಿ' ಎಂಬುದು ಎಲ್ಲಿ ಬಂದರೂ ಮಾಮ ಮರುದಿನ ಹೋಗಿ ನನ್ನ ಹೆಸರು ಕೊಟ್ಟು ಬರುತ್ತಿದ್ದರು. ಪಟ್ಟಿ ಇರುತ್ತಿದ್ದದ್ದು ಜವಾನನ ಹತ್ತಿರ. ಅವನು ಮಾರಿಕುಪ್ಪಂ ಕಡೆಯ ತಮಿಳಿನವನು, ಹಲ್ಲುನೋವಿಲ್ಲದ ದಿನ ಒಳ್ಳೆಯವನು.

"ಎನ್ನ ಸಾರ್, ಎಲ್ಲಾದಕ್ಕೂ ಅದೇ ಪೇರಾ?"

"ಅದೇ ಎಸ್ರು. ನೆಟ್ಟುಗ್ ಬರಿ. ಇಂಗ್ಲೀಸ್ನಾಗೇ ಬರಿ."

ಜವಾನ ನನ್ನ ಹೆಸರನ್ನು ಬರೆದು ಮುಗಿಸುವವರೆಗೆ ಮಾಮ ಅವನ ಹೆಗಲ ಮೇಲೆ ಬಗ್ಗಿ ನೋಡುತ್ತಿದ್ದರಂತೆ. ಹೀಗೆ ಒಂದೇ ತಿಂಗಳಲ್ಲಿ ನಾನು ಚರ್ಚಾಕೂಟ, ತೋಟಗಾರಿಕೆ, ಚದುರಂಗ, ಪ್ರಥಮ ಚಿಕಿತ್ಸೆ, ಹಿಂದಿ ತರಗತಿ, ನಾಟಕ ಎಲ್ಲದರಲ್ಲೂ ಇದ್ದೆ. ಒಂದು ಮಧ್ಯಾಹ್ನ ಆಟಗಳ ಕಾರ್ಯದರ್ಶಿಯಾಗಿದ್ದ ಹುಡುಗ ಬಂದು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ. "ಭಾರ ಎತ್ತೋ ಸ್ಪರ್ಧೆಗೆ ಹೆಸರು ಕೊಟ್ಟಿರೋರು ನೀವೇನಾ?" ಎಂದ. ನಾನಾಗ ತುಂಬಿದ ಕೊಡ ಎತ್ತಲೂ ಅತ್ತೆಯನ್ನು ಕೂಗುತ್ತಿದ್ದ ಹುಡುಗಿ! ಮನೆಗೆ ಬಂದು ಮಾಮನ ಮೇಲೆ ಹಾರಾಡಿದೆ.

"ಎತ್ತೋದು ಬಿಡೋದು ಆಮ್ಯಾಗಿನ ಮಾತು" ಎಂದರು ಮಾಮ. "ಎಸ್ರು ಇರ್ಲಿ."

ಚರ್ಚಾಕೂಟದಲ್ಲಿ ನಾನು ಮೊದಲ ಸಲ ನಿಂತಾಗ ಮಾಮ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮಾತು ಮರೆತು ನಾನು ನಿಲ್ಲಿಸಿದಲ್ಲೆಲ್ಲ ಅವರು ಜೋರಾಗಿ ಚಪ್ಪಾಳೆ ತಟ್ಟಿದರು. ಅವರೊಂದಿಗೆ ಉಳಿದವರೂ ತಟ್ಟಿದರು. ನಾನು ಬಹಳ ಸಲ ನಿಲ್ಲಿಸಿದ್ದರಿಂದ ಆ ದಿನ ಅತಿ ಹೆಚ್ಚು ಚಪ್ಪಾಳೆ ನನಗೇ ಬಿತ್ತು, ಬಹುಮಾನ ಮಾತ್ರ ಬೇರೆಯವರಿಗೆ ಹೋಯಿತು. ಆದರೂ ಮುಂದಿನ ಸಲ ಮಾತಾಡುವಾಗ ಅಷ್ಟು ಸಲ ನಿಲ್ಲಿಸಲಿಲ್ಲ, ಅದಂತೂ ನಿಜ.

ಪರೀಕ್ಷೆ ಹತ್ತಿರ ಬಂತು. ಓದು ತಲೆಗೆ ಹತ್ತುತ್ತಿರಲಿಲ್ಲ. ಪಾಸಾದರೂ ಬಂಗಾರಪೇಟೆ, ನಪಾಸಾದರೂ ಬಂಗಾರಪೇಟೆ ಎಂದ ಮೇಲೆ ಹೇಗೆ ಹತ್ತೀತು? ಅಂಥ ಒಂದು ಸಂಜೆ ಮಾಮ ಎಂದಿನಂತೆ ಹಾಳೆ ತಂದು ಎದುರಿಗೆ ಕೂತರು. ನನಗೆ ರೇಗಿಹೋಯಿತು. ಹಾಳೆಯ ಮೇಲೆ ಕಣ್ಣು ಹಾಯಿಸಿದ ಹಾಗೆ ಮಾಡಿ, "ಏನಿಲ್ಲ ಮಾಮ, ಲೈಬ್ರರಿ ಪುಸ್ತಕ ವಾಪಸ್ ಕೊಡ್ಬೇಕಂತೆ" ಎಂದು ಹಿಂದಕ್ಕೆ ಕೊಟ್ಟೆ. ಒಂದು ಪದವನ್ನೂ ಓದಿರಲಿಲ್ಲ.

"ಅಷ್ಟೇನಾ?" ಮಾಮ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಕೆಂಪ್ ಗೆರೆ ಎಳ್ದಿದ್ರಲ್ಲ. ನಮ್ ಗಣಿಯಾಗೆ ಕೆಂಪ್ ಗೆರೆ ಸುಮ್ಕೆ ಎಳಿಯಲ್ಲ."

"ಅಷ್ಟೇ ಮಾಮ" ಎಂದೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಮರುದಿನ ನಾನೇಳುವಷ್ಟರಲ್ಲಿ ಮಾಮ ಇರಲಿಲ್ಲ, ಸೈಕಲ್ಲೂ ಇರಲಿಲ್ಲ. ಪಾಳಿಗೆ ಹೋಗಿರಬೇಕೆಂದು ನಾನು ಕಾಲೇಜಿಗೆ ಹೋದೆ. ಹತ್ತೂವರೆಗೆ ಜವಾನ ತರಗತಿಯ ಬಾಗಿಲಿಗೆ ಬಂದು ನನ್ನನ್ನು ಕರೆದ. ಹೋಗಿ ನೋಡಿದರೆ ಆಫೀಸಿನ ಮುಂದೆ ಮಾಮ! ಅಂಗಿ ಮೈಗೆ ಅಂಟಿಕೊಂಡಿದೆ. ಪಕ್ಕದಲ್ಲಿ ಸೈಕಲ್ಲು, ಸೈಕಲ್ಲಿನ ಕ್ಯಾರಿಯರಿನ ಮೇಲೆ ನಮ್ಮೂರಿನ ಪಟೇಲರು, ಪಟೇಲರ ತೊಡೆಯ ಮೇಲೆ ಸೀಲಿನ ಡಬ್ಬಿ!

"ನಿಮ್ ಮಾಮ ನನ್ ಮೊಕ ತೊಳಿಯಾಕೂ ಬಿಡ್ನಿಲ್ಲ ಕಣಮ್ಮ" ಎಂದರು ಪಟೇಲರು.

ಆಗಿದ್ದೇನೆಂದರೆ, ಹಿಂದಿನ ಸಂಜೆ ಮಾಮ ಹಾಳೆಯನ್ನು ಚಾಂಪಿಯನ್ ಸ್ಟೇಷನ್ನಿನ ಟಿಕೆಟ್ ಗುಮಾಸ್ತರ ಹತ್ತಿರ ಒಯ್ದಿದ್ದರು. ಅವರು ಓದಿ ಹೇಳಿದರು: ಬಿ.ಎ. ಸೇರುವ ಬಡ ವಿದ್ಯಾರ್ಥಿಗಳಿಗೆ ಸರ್ಕಾರ ಫೀಸು ಮಾಫಿ ಮಾಡಿ ವಿದ್ಯಾರ್ಥಿವೇತನ ಕೊಡುತ್ತದೆ. ತಂದೆಯ ವರಮಾನವನ್ನು ಊರಿನ ಪಟೇಲರು ಅರ್ಜಿಯ ಮೇಲೇ ಬರೆದು ಸೀಲು ಹಾಕಬೇಕು. ಅರ್ಜಿ ಸಿಗುವುದು ಮರುದಿನ ಹತ್ತೂವರೆಗೆ, ಕೊನೆಯ ಗಡುವು ಅದೇ ದಿನ ಹನ್ನೆರಡು ಗಂಟೆ. ಒಂದೂವರೆ ಗಂಟೆಯಲ್ಲಿ ಕ್ಯಾಸಂಬಳ್ಳಿ ಕಡೆಗೆ ಹೋಗಿ ಸೀಲು ಹಾಕಿಸಿಕೊಂಡು ಬರಲು ಸಾಧ್ಯವೆ? ಅದಕ್ಕೇ ಮಾಮ ಕೆಲಸಕ್ಕೆ ರಜೆ ಹಾಕಿ, ಬೆಳಕು ಹರಿಯುವ ಮೊದಲೇ ಹೊರಟು, ಸೀಲನ್ನೂ ಸೀಲು ಹಾಕುವವರನ್ನೂ ಒಟ್ಟಿಗೇ ಎತ್ತಿಕೊಂಡು ಬಂದಿದ್ದರು. ಪಟೇಲರು ಕ್ಯಾರಿಯರಿನಿಂದ ಇಳಿದು, ಜವಾನನ ಸ್ಟೂಲಿನ ಮೇಲೆ ಕೂತು ಬರೆದು ಸೀಲು ಒತ್ತಿದರು. ಅರ್ಜಿ ಒಳಗೆ ಹೋಯಿತು.

ಪಟೇಲರನ್ನು ಬಸ್ಸು ಹತ್ತಿಸಿ ಮನೆಗೆ ನಡೆಯುವಾಗ ಮಾಮ ಸೈಕಲ್ಲು ತಳ್ಳುತ್ತಿದ್ದರು. ನನಗೆ ತಲೆಯೆತ್ತಲಾಗುತ್ತಿರಲಿಲ್ಲ. "ತಪ್ಪಾಯ್ತು ಮಾಮ. ಓದ್ದೇನೇ ಹೇಳ್ಬಿಟ್ಟೆ" ಎಂದೆ.

ಮಾಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಂಗಾಗ ಅದ್ನಾಕು ವರ್ಸ" ಎಂದರು. "ಕೆಲ್ಸಕ್ಕೆ ಅಂತ ಗಣಿ ಬಾಗ್ಲಾಗೆ ದಿನಾ ಸಾಲು ನಿಂತ್ಕಂತಿದ್ದೆ. ಅಲ್ಲೇ ಗ್ವಾಡೆಗೆ ಒಂದ್ ನೋಟೀಸ್ ಅಂಟ್ಸಿದ್ರು. ಇಂಗ್ಲೀಸ್ನಾಗಿತ್ತು. ನಮ್ಗಲ್ಲ ಅನ್ಕಂಡೆ. ವರ್ಕ್‌ಶಾಪ್ನಾಗೆ ಕೆಲ್ಸ ಕಲಿಯಾಕೆ ಉಡುಗ್ರು ಬೇಕು ಅಂತ ಅದ್ರಾಗೆ ಬರ್ದಿದ್ರಂತೆ. ಗಡುವು ಮುಗುದ್ಮ್ಯಾಕೆ ಯಾರೋ ಅಂದ್ರು. ನಾನು ಗಣಿ ಒಳೀಕ್ ಇಳ್ದೆ." ಸೈಕಲ್ಲನ್ನು ಒಂದು ಗುಂಡಿ ದಾಟಿಸಿ ಮತ್ತೆ ಹೇಳಿದರು. "ನಮ್ಗಲ್ಲ ಅಂತ ಅದ್ರಾಗೆ ಎಲ್ಲೂ ಬರ್ದಿರ್ನಿಲ್ವಂತೆ ಕಣಮ್ಮಣ್ಣಿ."

ಅಂದಿನಿಂದ ಮಾಮ ತಂದ ಪ್ರತಿಯೊಂದು ಹಾಳೆಯನ್ನೂ ನಾನು ಗಟ್ಟಿಯಾಗಿ, ಪೂರ್ತಿಯಾಗಿ, ಬೆರಳಿಟ್ಟು ತೋರಿಸುತ್ತಾ ಓದಿದೆ. ನೊಣವಿದ್ದರೆ ನೊಣ ಎಂದೂ ಓದಿದೆ. ಪಿ.ಯು.ಸಿ. ಪಾಸಾಯಿತು, ವಿದ್ಯಾರ್ಥಿವೇತನ ಬಂತು, ಅಪ್ಪ ಕೊಟ್ಟ ಮಾತಿಗೆ ಕಟ್ಟುಬಿದ್ದು ಸುಮ್ಮನಾದರು. ಬಂಗಾರಪೇಟೆಯ ಹುಡುಗ ಬೇರೆ ಕಡೆ ಮದುವೆಯಾಗಿ ಸುಖವಾಗಿದ್ದಾನೆ. ನನ್ನ ಜೊತೆಗೆ ಅವನ ಮನೆ ಸೇರಬೇಕಿದ್ದ, ನಾನು ಕೂಡಿಟ್ಟಿದ್ದ ಒಂದು ಟ್ರಂಕು ನೋಟೀಸುಗಳಿಂದ ಅವನೂ ಪಾರಾದ.

ಮೂರು ವರ್ಷ ಕಳೆದು ಬಿ.ಎ. ಫಲಿತಾಂಶದ ದಿನ ಬಂತು. ಪಾಸಾದವರ ಹೆಸರುಗಳನ್ನು ಅದೇ ಬೋರ್ಡಿಗೆ ಹಾಕುತ್ತಾರೆಂದು ತಿಳಿದಿತ್ತು. ಹೋಗಿ ನೋಡುವ ಧೈರ್ಯ ನನಗಿರಲಿಲ್ಲ. ಸಂಗು ಕೂಗಿದಾಗಿನಿಂದ ಹೊಸ್ತಿಲ ಮೇಲೆ ಕೂತು ರಸ್ತೆ ನೋಡುತ್ತಿದ್ದೆ. ಅತ್ತೆ ಹತ್ತು ಸಲ ಒಳಗೆ ಹೊರಗೆ ಓಡಾಡಿದರು. ಕೊನೆಗೆ ಮಾಮ ಬಂದರು. ಪೆನ್ಸಿಲ್ಲು ಕಿವಿಯ ಮೇಲೇ ಇತ್ತು. ಕೈಯಲ್ಲಿ ಹಾಳೆ ಇರಲಿಲ್ಲ.

ನಾನು ಹೊಸ್ತಿಲಿಂದ ಎದ್ದು ನಿಂತೆ. ನಾಲ್ಕು ವರ್ಷದಲ್ಲಿ ಮಾಮ ಬರಿಗೈಯಲ್ಲಿ ಬಂದದ್ದೇ ಇಲ್ಲ! ಪಟ್ಟಿಯಲ್ಲಿ ನನ್ನದೇನೂ ಇಲ್ಲವೆಂದು ಜವಾನ ಹೇಳಿರಬೇಕು, ಅದಕ್ಕೇ ಬರೆದುಕೊಂಡಿಲ್ಲ ಎಂದುಕೊಂಡೆ. ಮಾಮ ಕಾಲು ತೊಳೆದರು, ಒಳಗೆ ಬಂದು ಕೂತರು, ಒಂದು ಚೊಂಬು ನೀರು ಕುಡಿದರು.

"ಹಾಳೆ ಎಲ್ಲಿ ಮಾಮ?"

"ಬರ್ಕಂಡಿಲ್ಲ."

"ಯಾಕೆ?"

"ಯಾಕ್ ಬರ್ಕಬೇಕು? ನಿನ್ ಎಸ್ರು ಆ ಜವಾನ ಎಷ್ಟ್ ಸಲ ಬರ್ದವ್ನೆ, ನಾನ್ ನೋಡಿಲ್ವಾ? ಮ್ಯಾಲಿಂದ ಏಳ್ನೇದು." ಮಾಮ ಬಾಯಿ ಒರೆಸಿಕೊಂಡರು. "ನಾನೇ ಓದ್ಕಂಡ್ ಬಂದೆ."

ಮಾಮ ಓದಿದರಲ್ಲಾ ಎಂದು ನನಗೆ ಅಳು ಬಂದುಬಿಟ್ಟಿತು. ನಾನು ಪಾಸಾಗಿದ್ದೇನೆ ಎಂಬುದು ಹೊಳೆದದ್ದು ಅತ್ತೆ ಓಡಿ ಬಂದು ನನ್ನ ಬಾಯಿಗೆ ಬೆಲ್ಲ ಹಾಕಿದ ಮೇಲೆಯೇ.